ಪಾರಸಿಕ ಪಕ್ಷಿಯೂ ಕಟ್ಟಿದ ಮೊಸರೂ

ಹೋಮರ್ ಕವಿಯ ಎರಡು ಮಹಾಕಾವ್ಯಗಳಲ್ಲಿ ದನ, ಕುರಿ, ಮೇಕೆ, ಹಂದಿಗಳ ಮಾಂಸವನ್ನು ಕೆಂಡದ ಮೇಲೆ ಸುಟ್ಟು ತಿನ್ನುವ ವೀರರು ಮತ್ತೆ ಮತ್ತೆ ಎದುರಾಗುತ್ತಾರೆ. ಇಥಾಕೆಯ ಅರಮನೆಯಂಗಳದಲ್ಲಿ ರಾಣಿ ಪೆನೆಲೊಪಿ ಸಾಕಿದ 20 ಹೆಬ್ಬಾತುಗಳು ಗೋಧಿಯನ್ನು ಹೆಕ್ಕುತ್ತವೆ. ಆದರೆ ಕೋಳಿಯ ಸುಳಿವು ಅಲ್ಲೆಲ್ಲಿಯೂ ಇಲ್ಲ. ಬೇಯಿಸಿದ ಕೋಳಿಯನ್ನು ಎಳೆಯೆಳೆಯಾಗಿ ಬಿಡಿಸಿ, ಗಟ್ಟಿಮೊಸರು, ಸೌತೆಕಾಯಿ, ಸಬ್ಬಸಿಗೆ, ಪುದೀನ, ನಿಂಬೆರಸ, ಆಲಿವ್ ಎಣ್ಣೆಗಳೊಡನೆ ಕಲಸಿ ತಣ್ಣಗೆ ಬಡಿಸುವ ಖಾದ್ಯಕ್ಕೆ ಇಂದು ಲೋಕವೆಲ್ಲ ಗ್ರೀಕ್ ಸಲಾಡೆಂಬ ಬಿರುದನ್ನು ಕೊಟ್ಟು, ಅದರಲ್ಲಿ ಪ್ರಾಚೀನ ಯವನರ ಸರಳ ಜೀವನದ ರುಚಿಯನ್ನೇ ಕಾಣುತ್ತಿರುವಾಗ, ಆ ಬಟ್ಟಲಿನಲ್ಲಿರುವ ಒಂದೊಂದು ಪದಾರ್ಥವೂ ಬೇರೆ ಬೇರೆ ಶತಮಾನಗಳಲ್ಲಿ, ಬೇರೆ ಬೇರೆ ದಾರಿಗಳನ್ನು ಹಿಡಿದು, ಕೆಲವೊಮ್ಮೆ ದಾರುಣವಾದ ಕಾರಣಗಳಿಂದ ಅಲ್ಲಿಗೆ ಬಂದು ಸೇರಿತೆಂಬುದನ್ನು ನೆನೆಯುವುದು ಅವಶ್ಯವೆಂದು ನನ್ನ ಭಾವನೆ.

ಕೋಳಿ ಪೂರ್ವದೇಶಗಳ ಪಕ್ಷಿ. ಭಾರತದಿಂದ ಆಗ್ನೇಯ ಏಷ್ಯಾದವರೆಗೆ ಹಬ್ಬಿರುವ ಕಾಡುಗಳ ಕೆಂಪು ಕಾಡುಕೋಳಿಯೇ ಅದರ ಪೂರ್ವಜ. ಪರ್ಷಿಯದ ಮಾರ್ಗವಾಗಿ ಅದು ಪಶ್ಚಿಮಕ್ಕೆ ಬಂದಿತೆಂಬ ನೆನಪು ಗ್ರೀಕರಲ್ಲಿ ಬಹುಕಾಲ ಉಳಿದಿದ್ದಿತು, ಕ್ರಿ. ಪೂ. 414ರಲ್ಲಿ ರಂಗವೇರಿದ ‘ಪಕ್ಷಿಗಳು’ ಎಂಬ ಪ್ರಹಸನದಲ್ಲಿ ಅರಿಸ್ಟೊಫೇನೀಸನು ಹುಂಜವನ್ನು ಪರ್ಷಿಯದ ಪಕ್ಷಿಯೆಂದೇ ಕರೆಯುತ್ತಾನೆ. ಬಿ. ಎಂ. ಶ್ರೀಕಂಠಯ್ಯನವರ ‘ಪಾರಸಿಕರು’ ನಾಟಕದ ಮೂಲಕ ಕನ್ನಡಿಗರಿಗೂ ಪರಿಚಿತವಾಗಿರುವ ಗ್ರೀಕ್-ಪಾರಸಿಕ ಯುದ್ಧಗಳು ಮುಗಿದು ಆಗಲೇ ಎರಡು ತಲೆಮಾರು ಕಳೆದಿದ್ದರೂ, ಶತ್ರುದೇಶದ ಹೆಸರನ್ನು ಹೊತ್ತ ಈ ಪಕ್ಷಿಯನ್ನು ಅಥೆನ್ಸಿನ ಜನ ಪ್ರೀತಿಯಿಂದಲೇ ಸಾಕಿದರು. ಅದರ ಕಾಳಗವನ್ನು ನೋಡಿ ನಲಿದರು. ದೇವರಿಗೆ ಹರಕೆಯಾಗಿಯೂ ಅರ್ಪಿಸಿದರು. ಕ್ರಿ. ಪೂ. 399ರಲ್ಲಿ ವಿಷಪಾನ ಮಾಡಿದ ಸಾಕ್ರೆಟೀಸನು ಪ್ರಾಣ ಬಿಡುವ ಮುನ್ನ, ವೈದ್ಯದೇವನಾದ ಆಸ್ಕ್ಲೀಪಿಯಸನಿಗೆ ಸಲ್ಲಬೇಕಾದ ಒಂದು ಹುಂಜದ ಋಣವನ್ನು ಮಿತ್ರನಿಗೆ ನೆನಪು ಮಾಡಿದನೆಂದು ಪ್ಲೇಟೋ ಬರೆದಿರುವುದನ್ನು ಬಲ್ಲವರಿಗೆ, ಆ ಸಮಾಜದಲ್ಲಿ ಈ ಪಕ್ಷಿ ಎಷ್ಟು ಆಳವಾಗಿ ಬೇರೂರಿದ್ದಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಆದರೂ ನಿತ್ಯದ ಊಟಕ್ಕೆ ಕೋಳಿಯನ್ನು ಕೊಯ್ಯುವ ಸ್ಥಿತಿ ಗ್ರೀಸಿನ ಹಳ್ಳಿಗನಿಗೆ ಅನೇಕ ಶತಮಾನಗಳವರೆಗೆ ಬರಲಿಲ್ಲ. ಮೊಟ್ಟೆಯಿಡುವ ಹೇಂಟೆ ಮನೆಯ ಸಂಪತ್ತು. ಅದು ಮುದಿಯಾದ ಮೇಲೆಯೇ ಪಾತ್ರೆಗೆ ಬರುತ್ತಿದ್ದಿತು. ಬಿರುಸಾದ ಆ ಮಾಂಸವನ್ನು ಗಂಟೆಗಟ್ಟಲೆ ಕುದಿಸಿ, ರಸಕ್ಕೆ ಅಕ್ಕಿಯನ್ನು ಹಾಕಿ, ಮೊಟ್ಟೆಯನ್ನೂ ನಿಂಬೆರಸವನ್ನೂ ಕಡೆದು ಬೆರೆಸಿದ ಸಾರು ಹಬ್ಬದ ದಿನದ ಭೋಗವೆನಿಸುತ್ತಿದ್ದಿತು. ಇದರ ಮೇಲೆ ಧರ್ಮದ ನಿಯಮ ಬೇರೆ. ಆರ್ಥೊಡಾಕ್ಸ್ ಕ್ರೈಸ್ತರ ಪಂಚಾಂಗದಲ್ಲಿ ಬುಧವಾರ ಶುಕ್ರವಾರಗಳೂ, ಈಸ್ಟರ್ ಹಬ್ಬದ ಮುಂಚಿನ ದೀರ್ಘವ್ರತವೂ, ಕ್ರಿಸ್‌ಮಸ್‌ಗೆ ಮುನ್ನ 40 ದಿನಗಳೂ ಸೇರಿ ವರ್ಷದಲ್ಲಿ 180ಕ್ಕೂ ಮಿಕ್ಕಿದ ದಿನಗಳು ಉಪವಾಸದವು. ಆ ದಿನಗಳಲ್ಲಿ ಮಾಂಸವಷ್ಟೇ ಅಲ್ಲ, ಹಾಲು, ಮೊಸರು, ಗಿಣ್ಣು, ಮೊಟ್ಟೆಗಳೂ ವರ್ಜ್ಯ. ಕೋಳಿಯನ್ನೂ ಮೊಸರನ್ನೂ ಒಂದೇ ಬಟ್ಟಲಿನಲ್ಲಿ ಕೂಡಿಸುವ ಅವಕಾಶ ಶ್ರದ್ಧಾವಂತನಾದ ಗೃಹಸ್ಥನಿಗೆ ವರ್ಷದ ಅರ್ಧಭಾಗದಲ್ಲಿ ಮಾತ್ರ ಇದ್ದಿತು.

ಮೊಸರಿನ ಕಥೆ ಕುರುಬರದು. ಒಡಿಸ್ಸಿ ಕಾವ್ಯದ ಒಕ್ಕಣ್ಣ ರಾಕ್ಷಸ ಪಾಲಿಫೀಮಸನು ತನ್ನ ಗುಹೆಯಲ್ಲಿ ಹಾಲನ್ನು ಹೆಪ್ಪುಗೊಳಿಸಿ ಬೆತ್ತದ ಬುಟ್ಟಿಗಳಲ್ಲಿ ಸೋಸಲಿಡುವ ಚಿತ್ರ ಗಿಣ್ಣಿನದೇ ಹೊರತು ಮೊಸರಿನದಲ್ಲ, ಆದರೆ ಕ್ರಿ. ಶ. 2ನೆಯ ಶತಮಾನದ ಪೆರ್ಗಮೊನ್ ನಗರದ ವೈದ್ಯ ಗೇಲನ್, ಹುಳಿಹಾಲನ್ನು ಕುರಿತು ಬರೆಯುತ್ತ, ಯಾರ ಜಠರಕ್ಕೆ ಅದು ಹಿತ, ಯಾರದಕ್ಕೆ ಅಹಿತವೆಂದು ವಿವೇಚಿಸಿದ್ದಾನೆ. ಆತ ವಿವರಿಸಿದ ಪದಾರ್ಥ ಇಂದಿನ ಮೊಸರಿನ ಹತ್ತಿರದ ಬಂಧುವೆಂಬುದರಲ್ಲಿ ಸಂದೇಹವಿಲ್ಲ. ಸಾರಕತ್ಸಾನಿ ಮತ್ತು ವ್ಲಾಖ್ ಎಂಬ ಅಲೆಮಾರಿ ಕುರಿಗಾಹಿಗಳು ಏಪ್ರಿಲ್ 23ರ ಸಂತ ಜಾರ್ಜನ ಹಬ್ಬಕ್ಕೆ ಪಿಂಡಸ್ ಪರ್ವತಗಳ ಹುಲ್ಲುಗಾವಲುಗಳಿಗೆ ಏರಿ, ಅಕ್ಟೋಬರ್ 26ರ ಸಂತ ಡಿಮೆಟ್ರಿಯಸನ ಹಬ್ಬಕ್ಕೆ ಬಯಲಿಗೆ ಇಳಿಯುವ ಕ್ರಮವನ್ನು ಇಪ್ಪತ್ತನೆಯ ಶತಮಾನದವರೆಗೂ ಪಾಲಿಸಿದರು. ಕುರಿ ಈದ ಚಳಿಗಾಲದ ಕಡೆಯಿಂದ ಬೇಸಗೆಯ ಆರಂಭದವರೆಗೆ ಹಾಲಿನ ಸಮೃದ್ಧಿ. ಕುರಿಯ ಹಾಲು ಹಸುವಿನ ಹಾಲಿಗಿಂತ ಬಲು ಮಂದ. ಕೊಬ್ಬಿನ ಅಂಶ ಹಸುವಿನದರಲ್ಲಿ ನೂರಕ್ಕೆ ನಾಲ್ಕರ ಆಸುಪಾಸಿನಲ್ಲಿದ್ದರೆ ಇದರಲ್ಲಿ ಆರೇಳು. ಅದನ್ನು ಕಾಯಿಸಿ, ಬೆರಳು ತಾಳುವಷ್ಟು ಬೆಚ್ಚಗಾದಾಗ ಹೆಪ್ಪು ಹಾಕಿ, ಅಗಲಬಾಯಿಯ ಮಣ್ಣಿನ ಬಟ್ಟಲುಗಳಿಗೆ ಸುರಿದು ಕಂಬಳಿ ಹೊದಿಸಿಟ್ಟರೆ, ಬೆಳಗಾಗುವಷ್ಟರಲ್ಲಿ ಮೇಲೆ ಹಳದಿ ಬಣ್ಣದ ಕೆನೆ ಚರ್ಮದಂತೆ ಕಟ್ಟಿ, ಅದರ ಕೆಳಗೆ ಮೊಸರು ಅಲುಗದೆ ನಿಲ್ಲುತ್ತಿದ್ದಿತು.

ಇನ್ನೂ ಕೆಲವು ದಿನ ಅದನ್ನು ಕೆಡದಂತೆ ಇಡಬೇಕಾದಾಗ ಬಟ್ಟೆಯ ಚೀಲದಲ್ಲಿ ಕಟ್ಟಿ ಮೊಳೆಗೆ ತೂಗುಹಾಕುವರು. ತಿಳಿನೀರು ಹನಿಹನಿಯಾಗಿ ಇಳಿದುಹೋಗಿ, ಮೂರು ನಾಲ್ಕು ಪಾಲು ಹಾಲು ಒಂದು ಪಾಲು ಗಟ್ಟಿಮೊಸರಾಗಿ ಉಳಿಯುವುದು. ಬೆಳಗಾವಿ ಧಾರವಾಡಗಳ ಮನೆಗಳಲ್ಲಿ ಶ್ರೀಖಂಡಕ್ಕಾಗಿ ಚಕ್ಕಾ ಕಟ್ಟುವ ಗೃಹಿಣಿ ಮಾಡುವುದೂ ಇದೇ ಕೆಲಸವೇ. ಆಕೆ ಅದಕ್ಕೆ ಸಕ್ಕರೆ ಕೇಸರಿಗಳನ್ನು ಬೆರೆಸುತ್ತಾಳೆ, ಗ್ರೀಕ್ ಗೃಹಿಣಿ ಬೆಳ್ಳುಳ್ಳಿ ಉಪ್ಪುಗಳನ್ನು ಬೆರೆಸುತ್ತಾಳೆ.

ಈ ಮೊಸರು ಮಾಂಸದ ಜೊತೆಗಾರನಾಗಿ ನಗರದ ಮೇಜನ್ನೇರಿದ್ದು ಮಾತ್ರ ಒಂದು ಮಹಾವಿಪತ್ತಿನ ತರುವಾಯ. 1922ರ ಸೆಪ್ಟೆಂಬರಿನಲ್ಲಿ ಏಷ್ಯಾ ಮೈನರಿನ ಕಡಲಂಚಿನ ಸ್ಮಿರ್ನಾ ನಗರ ಹೊತ್ತಿ ಉರಿಯಿತು. ತುರ್ಕರೊಡನೆ ನಡೆದ ಯುದ್ಧದಲ್ಲಿ ಗ್ರೀಕ್ ಸೈನ್ಯ ಸೋತು ಹಿಂದೆಗೆದಿದ್ದಿತು. ಹಡಗುಕಟ್ಟೆಯ ಮೇಲೆ ಬೆನ್ನಿಗೆ ಬೆಂಕಿ, ಎದುರಿಗೆ ಸಮುದ್ರವಾಗಿ ಲಕ್ಷಾಂತರ ಮಂದಿ ನಿಂತಿದ್ದರು. 1923ರ ಜನವರಿಯಲ್ಲಿ ಲೊಸಾನಿನಲ್ಲಿ ಆದ ಒಪ್ಪಂದವು ಟರ್ಕಿಯ ಆರ್ಥೊಡಾಕ್ಸ್ ಕ್ರೈಸ್ತರನ್ನೂ ಗ್ರೀಸಿನ ಮುಸಲ್ಮಾನರನ್ನೂ, ಅವರ ಇಚ್ಛೆಯನ್ನು ಕೇಳದೆ, ಪರಸ್ಪರ ವಿನಿಮಯ ಮಾಡಿತು. ಸುಮಾರು 50 ಲಕ್ಷ ಜನಸಂಖ್ಯೆಯ ಬಡರಾಷ್ಟ್ರಕ್ಕೆ 12 ಲಕ್ಷಕ್ಕೂ ಮಿಕ್ಕಿದ ನಿರಾಶ್ರಿತರು ಬಂದಿಳಿದರು. ಅಥೆನ್ಸಿನ ಸುತ್ತ ನೆಯಾ ಸ್ಮಿರ್ನಿ, ನೆಯಾ ಇಯೋನಿಯಾ, ಕೈಸರಿಯಾನಿ, ಪಿರೇಯಸ್ ಬಂದರಿನ ಬಳಿ ಕೊಕ್ಕಿನಿಯಾ ಮುಂತಾದ ಬಡಾವಣೆಗಳು ತಗಡು ಹಲಗೆಗಳ ಗುಡಿಸಲುಗಳಾಗಿ ಎದ್ದವು. ಆಸ್ತಿ, ಅಂಗಡಿ, ಹಿರಿಯರ ಗೋರಿಗಳನ್ನು ಆಚೆಯ ತೀರದಲ್ಲಿ ಬಿಟ್ಟು ಬಂದ ಆ ಹೆಂಗಸರು ತಂದುದು ಕೈಯ ಹದವೊಂದನ್ನೇ: ಜೀರಿಗೆ ದಾಲ್ಚಿನ್ನಿಗಳ ಬಳಕೆ, ಬಿಸಿ ರೊಟ್ಟಿಯ ಮೇಲೆ ಸುಟ್ಟ ಮಾಂಸವನ್ನಿಟ್ಟು ಮೊಸರನ್ನು ಸುರಿಯುವ ಕ್ರಮ, ಮೊಸರಿಗೆ ಸೌತೆಕಾಯಿ ಬೆಳ್ಳುಳ್ಳಿ ಸೊಪ್ಪುಗಳನ್ನು ಕೂಡಿಸುವ ನಾನಾ ಬಗೆ. ಆ ಮೊದಲೂ ಗ್ರೀಸಿನಲ್ಲಿ ಮೊಸರು ಇದ್ದಿತು, ಕೋಳಿ ಇದ್ದಿತು. ಇವನ್ನು ಕೂಡಿಸುವ ಧೈರ್ಯ ಏಷ್ಯಾ ಮೈನರಿನ, ಅಂದರೆ ಅನಟೋಲಿಯಾದ, ಅಡುಗೆಮನೆಯಲ್ಲಿ ಪಳಗಿದ ಈ ಕೈಗಳದು. ನಮ್ಮ ದೇಶದ ವಿಭಜನೆಯ ನೆನಪು ಇನ್ನೂ ಮಾಸದಿರುವ ನಮಗೆ, ಮನೆಯನ್ನು ಕಳೆದುಕೊಂಡವರು ರುಚಿಯನ್ನು ಏಕೆ ಅಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆಂಬುದನ್ನು ಯಾರೂ ವಿವರಿಸಬೇಕಾಗಿಲ್ಲ.

ಆದರೆ ಅದೇ ದಶಕಗಳಲ್ಲಿ ಗ್ರೀಸಿನ ಸುಶಿಕ್ಷಿತ ಮಧ್ಯಮವರ್ಗದ ಗುರು ಇನ್ನೊಬ್ಬನಾಗಿದ್ದನು. 1878ರಲ್ಲಿ ಹುಟ್ಟಿ, ವಿಯೆನ್ನಾದಲ್ಲಿಯೂ ಅಮೆರಿಕದಲ್ಲಿಯೂ ಪಾಕಶಾಲೆಗಳನ್ನು ಕಂಡು ಬಂದ ನಿಕೊಲಾಓಸ್ ತ್ಸೆಲೆಮೆಂತೆಸ್ ಎಂಬ ಪಾಕಪಂಡಿತನು 1910ರಿಂದಲೇ ಅಡುಗೆಯ ಪತ್ರಿಕೆಯೊಂದನ್ನು ನಡೆಸಿದ್ದವನು; ಅವನ ಪಾಕಗ್ರಂಥ ಎಷ್ಟು ಮನೆಗಳನ್ನು ಸೇರಿತೆಂದರೆ ಗ್ರೀಕರು ಯಾವ ಅಡುಗೆಯ ಪುಸ್ತಕವನ್ನಾದರೂ ಅವನ ಹೆಸರಿನಿಂದಲೇ ಕರೆಯತೊಡಗಿದರು. ತುರ್ಕರ ಆಳ್ವಿಕೆಯಲ್ಲಿ ಗ್ರೀಕ್ ಪಾಕ ಕಲುಷಿತವಾಯಿತೆಂದೂ, ಬೆಳ್ಳುಳ್ಳಿ ಮಸಾಲೆಗಳನ್ನು ಕಡಿಮೆ ಮಾಡಿ, ಬೆಣ್ಣೆ, ಕೆನೆ, ಬಿಳಿ ಸಾಸ್‌ಗಳ ಫ್ರೆಂಚ್ ಮಾರ್ಗವನ್ನು ಹಿಡಿಯುವುದೇ ಅದರ ಶುದ್ಧಿಯೆಂದೂ ಅವನು ನಂಬಿದ್ದನು. ಅವನ ಪಾಂಡಿತ್ಯಕ್ಕೆ ತಲೆಬಾಗುತ್ತಲೇ ನಾನು ಹೇಳಬೇಕಾದ ಮಾತೊಂದಿದೆ: ಶುದ್ಧಿಯ ಹೆಸರಿನಲ್ಲಿ ಅವನು ದೂರವಿಟ್ಟದ್ದು ಆ ನೆಲದ ಬಡವರ, ನಿರಾಶ್ರಿತರ ಅನುಭವವನ್ನು. ನಗರದ ಔತಣಗಳಲ್ಲಿ ಕೋಳಿಯ ಸಲಾಡು ಮೇಯನೇಸನ್ನು ಹೊದ್ದು ಬಂದದ್ದು ಈ ಫ್ರೆಂಚ್ ಅಭಿರುಚಿಯ ಫಲ. ಮೊಸರು ಇನ್ನೂ ಬೀದಿಯ ಹಾಲಿನಂಗಡಿಯ ವಸ್ತು. ಅಥನಾಸಿಯೋಸ್ ಫಿಲಿಪ್ಪು ಎಂಬಾತ 1926ರಲ್ಲಿ ಅಥೆನ್ಸಿನಲ್ಲಿ ತೆರೆದ ಚಿಕ್ಕ ಅಂಗಡಿ ಅಂಥವುಗಳಲ್ಲಿ ಒಂದು.

ತ್ಸೆಲೆಮೆಂತೆಸ್ ತೀರಿಕೊಂಡದ್ದು 1958ರಲ್ಲಿ. ಅದೇ ವರ್ಷ ಈಪೈರಸ್ ಪ್ರಾಂತದ ಇಯೋನ್ನಿನಾದಲ್ಲಿ ಕೋಳಿಸಾಕಣೆಗಾರರು ಸಹಕಾರ ಸಂಘವನ್ನು ಕಟ್ಟಿದರು. ಹಬ್ಬದ ಹೇಂಟೆ ಅಂಗಡಿಯ ಎಳೆಕೋಳಿಯಾಗಿ, ನಾಲ್ಕಾರು ಗಂಟೆ ಕುದಿಯಬೇಕಾಗಿದ್ದ ಮಾಂಸ ಅರ್ಧ ಮುಕ್ಕಾಲು ಗಂಟೆಯಲ್ಲಿ ಮೃದುವಾಗುವ ಕಾಲ ಅಲ್ಲಿಂದಾಚೆಗೆ ಬಂದಿತು. ಇಂಥ ಕೋಳಿಯಿಲ್ಲದೆ ಈ ಸಲಾಡು ನಿತ್ಯದ ಊಟವಾಗುವುದು ಸಾಧ್ಯವೇ ಇರಲಿಲ್ಲ. ಆ ಕಾಲದಲ್ಲಿಯೇ ಗ್ರೀಕ್ ಸರ್ಕಾರವು ಹಿರಿಯರ ಮೇಲೆ ಮೊಸರೆರಚಿ ಓಡುತ್ತಿದ್ದ ಪುಂಡ ಹುಡುಗರನ್ನು ಹದ್ದುಬಸ್ತಿಗೆ ತರಲು 4000ನೆಯ ಸಂಖ್ಯೆಯ ಶಾಸನವನ್ನು ಮಾಡಿತು. ಸಿಕ್ಕಿಬಿದ್ದವರ ತಲೆ ಬೋಳಿಸಿ ಬೀದಿಯಲ್ಲಿ ಮೆರವಣಿಗೆ ಮಾಡಿಸಿದರು. ಯುದ್ಧಕಾಲದ ಕ್ಷಾಮದಲ್ಲಿ, 1941-42ರ ಚಳಿಗಾಲದಲ್ಲಿ, ಹಸಿವಿನಿಂದ ಜನ ಸತ್ತು ಬಿದ್ದಿದ್ದ ಅದೇ ಬೀದಿಗಳಲ್ಲಿ ಮೊಸರು ಎರಚುವಷ್ಟು ಅಗ್ಗವಾದುದನ್ನು ಕಂಡು ವೃದ್ಧರಿಗೆ ಎಂಥ ಸಂಕಟವಾಗಿದ್ದೀತು!

ಅಮೆರಿಕದ ಶರೀರಶಾಸ್ತ್ರಜ್ಞ ಆನ್ಸೆಲ್ ಕೀಸ್ ಏಳು ರಾಷ್ಟ್ರಗಳ ಆಹಾರವನ್ನೂ ಹೃದ್ರೋಗವನ್ನೂ ಕುರಿತ ತನ್ನ ಸಂಶೋಧನೆಯನ್ನು ಪ್ರಾರಂಭಿಸಿದ್ದೂ 1958ರಲ್ಲಿಯೇ. ಕ್ರೀಟ್ ದ್ವೀಪದ ರೈತರಲ್ಲಿ ಹೃದ್ರೋಗ ಅತಿ ವಿರಳವೆಂದು ಅದು ತೋರಿಸಿದ ಮೇಲೆ ಆಲಿವ್ ಎಣ್ಣೆ, ಸೊಪ್ಪು, ಮೊಸರುಗಳ ಮಾನ ಲೋಕದಲ್ಲಿ ಏರಿತು. ಮೇಯನೇಸಿನ ಸ್ಥಾನಕ್ಕೆ ಮೊಸರು ಬರುವುದಕ್ಕೆ ಈ ಹೊಸ ಗೌರವ ಬಹುಮಟ್ಟಿಗೆ ಕಾರಣ. 2010ರಲ್ಲಿ ಯುನೆಸ್ಕೋ ಸಂಸ್ಥೆ ಮೆಡಿಟರೇನಿಯನ್ ಆಹಾರಪದ್ಧತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಫಿಲಿಪ್ಪು ಮನೆತನದ ಮೊಸರು 1998ರಲ್ಲಿ ಅಮೆರಿಕವನ್ನು ಮುಟ್ಟಿದ ಮೇಲೆ, ಅಲ್ಲಿ ಅದರ ಎದುರು ಗೆದ್ದು ನಿಂತವನು ಪೂರ್ವ ಟರ್ಕಿಯ ಕುರಿಗಾಹಿ ಮನೆತನದಲ್ಲಿ ಹುಟ್ಟಿ ವಲಸೆ ಹೋಗಿದ್ದ ಹಮ್ದಿ ಉಲುಕಾಯ. ನ್ಯೂಯಾರ್ಕ್ ರಾಜ್ಯದಲ್ಲಿ ಮುಚ್ಚಿಹೋಗಿದ್ದ ಕಾರ್ಖಾನೆಯೊಂದನ್ನು 2005ರಲ್ಲಿ ಕೊಂಡು, 2007ರಲ್ಲಿ ಚೋಬಾನಿ ಎಂಬ ಗಟ್ಟಿಮೊಸರನ್ನು ಹೊರತಂದನು. ಇವೆರಡರ ನಡುವಣ ವ್ಯಾಜ್ಯದಲ್ಲಿ, ಗ್ರೀಸಿನಲ್ಲಿ ತಯಾರಾಗದ ಮೊಸರನ್ನು ಇಂಗ್ಲೆಂಡಿನಲ್ಲಿ ಗ್ರೀಕ್ ಮೊಸರೆಂದು ಮಾರಕೂಡದೆಂದು ಅಲ್ಲಿಯ ನ್ಯಾಯಾಲಯ 2013ರಲ್ಲಿ ತೀರ್ಪಿತ್ತು, 2014ರಲ್ಲಿ ಮೇಲಣ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ವ್ಯಾಪಾರಧರ್ಮದ ದೃಷ್ಟಿಯಿಂದ ತೀರ್ಪು ನ್ಯಾಯವಾದದ್ದೇ. ಆದರೆ ಅನಟೋಲಿಯಾದಿಂದ ಹೊರಟವರು ಈ ಮೊಸರಿನ ಕೀರ್ತಿಯನ್ನು ಬೆಳೆಸಿದ್ದು ಇದು ಎರಡನೆಯ ಸಲವೆಂಬುದನ್ನು ಇತಿಹಾಸ ಬರೆಯುವವನು ಮರೆಯಲಾಗದು.

ಇನ್ನು ಸೊಪ್ಪುಗಳ ವಿಚಾರ. ನಮ್ಮ ಅಕ್ಕಿರೊಟ್ಟಿಗೂ ಸಾರಿಗೂ ಬೀಳುವ ಸಬ್ಬಸಿಗೆಯನ್ನು ಪ್ರಾಚೀನ ಗ್ರೀಕರು ಮುಡಿಗೂ ಏರಿಸುತ್ತಿದ್ದರು. ಸ್ಯಾಫೋ ಕವಯಿತ್ರಿಯ ಪದ್ಯವೊಂದರ ಉಳಿದ ತುಣುಕಿನಲ್ಲಿ ಅದರ ಚಿಗುರುಗಳನ್ನು ಮಾಲೆಯಾಗಿ ಹೆಣೆಯುವ ಮಾತು ಬರುತ್ತದೆ. ಸಲಾಡಿಗೆ ಅದರ ಎಳೆಯ ಗರಿಗಳು ಮಾತ್ರ ಬೇಕು. ದಂಟನ್ನು ಕೋಳಿಯೊಡನೆ ಕುದಿಯಲು ಬಿಡಬಹುದು. ಕೋಳಿಯನ್ನು ಈರುಳ್ಳಿ, ಕರಿಮೆಣಸು, ಲಾರೆಲ್ ಎಲೆಗಳೊಡನೆ ನೀರು ಭೋರ್ಗರೆಯದಂತೆ ಸಣ್ಣ ಉರಿಯಲ್ಲಿ ಬೇಯಿಸಿ, ಆ ರಸದಲ್ಲಿಯೇ ಆರಗೊಟ್ಟರೆ ಮಾಂಸ ಒಣಗುವುದಿಲ್ಲ. ಆಮೇಲೆ ಚಾಕು ಮುಟ್ಟಿಸದೆ ಎಳೆಯ ಜಾಡು ಹಿಡಿದು ಬೆರಳಿನಿಂದ ಬಿಡಿಸಬೇಕು, ಏಕೆಂದರೆ ಒರಟಾದ ಎಳೆಗಳಿಗೆ ಮೊಸರು ಹತ್ತುವಂತೆ ನುಣುಪಾದ ತುಂಡುಗಳಿಗೆ ಹತ್ತದು. ಸೌತೆಕಾಯಿಯನ್ನು ತುರಿದು ಉಪ್ಪು ಸವರಿ, ಅದು ಬಿಟ್ಟ ನೀರನ್ನು ಮುಷ್ಟಿಯಲ್ಲಿ ಹಿಂಡಿ ತೆಗೆಯಬೇಕು. ಇಲ್ಲವಾದರೆ ರಾತ್ರಿಯೆಲ್ಲ ಮೊಸರನ್ನು ಕಟ್ಟಿಟ್ಟ ಶ್ರಮ ವ್ಯರ್ಥ. ಜಜ್ಜಿದ ಬೆಳ್ಳುಳ್ಳಿ, ನಿಂಬೆರಸ, ಎಣ್ಣೆಗಳನ್ನು ಮೊದಲು ಮೊಸರಿಗೆ ಕಡೆದು, ಮಾಂಸವನ್ನೂ ಸೌತೆಯನ್ನೂ ಕೂಡಿಸಿ, ಸಬ್ಬಸಿಗೆ ಪುದೀನಗಳನ್ನು ಬಡಿಸುವ ಹೊತ್ತಿಗೆ ಹೆಚ್ಚಿ ಉದುರಿಸುವುದು ಕ್ರಮ. ಮುಂಚೆಯೇ ಹೆಚ್ಚಿದ ಪುದೀನ ಕಪ್ಪಾಗುತ್ತದೆ. ಆದುದರಿಂದ ಕಲಸಿದ್ದನ್ನು ಅಂದೇ ತಿಂದು ಮುಗಿಸುವುದು ಲೇಸು, ಉಳಿದ ರಸವನ್ನು ಮಾತ್ರ ಮರುದಿನದ ಅಕ್ಕಿಯ ಸಾರಿಗೆ ಇಟ್ಟುಕೊಳ್ಳಬಹುದು.