ದಿನಾಂಕ ಪರಿವರ್ತನೆ (ಗಣಕ ವಿಜ್ಞಾನ)

ಒಂದು ಕಾಲಗಣನಾ ಪದ್ಧತಿಯ ದಿನಾಂಕವನ್ನು ಇನ್ನೊಂದು ಪದ್ಧತಿಗೆ ಮಾರ್ಪಡಿಸುವ ಗಣಕ ವಿಧಾನ. ತಂತ್ರಾಂಶಗಳು ಸಾಮಾನ್ಯವಾಗಿ ಯಾವುದೇ ದಿನಾಂಕವನ್ನು ಮೊದಲು ಒಂದು ದಿನಸಂಖ್ಯೆಗೆ ಇಳಿಸಿ, ಅಲ್ಲಿಂದ ಬೇಕಾದ ಪದ್ಧತಿಗೆ ತರುತ್ತವೆ. ಇಂಥ ಎಣಿಕೆಗಳಲ್ಲಿ ಹೆಸರಾದದ್ದು ಜೂಲಿಯನ್ ದಿನಸಂಖ್ಯೆ. ಇದು ಜೂಲಿಯನ್ ಪದ್ಧತಿಯ ಕ್ರಿ.ಪೂ. 4713ರ ಜನವರಿ 1ರಿಂದ ಆರಂಭವಾಗುತ್ತದೆ.

1947ರ ಆಗಸ್ಟ್ 15ರ ದಿನಸಂಖ್ಯೆ 24,32,413. ಇದನ್ನು 7ರಿಂದ ಭಾಗಿಸಿದರೆ ಶೇಷ 4. ಸೋಮವಾರವನ್ನು 0 ಎಂದು ಹಿಡಿದರೆ ಅಂದು ಶುಕ್ರವಾರ. ಭಾರತದ ರಾಷ್ಟ್ರೀಯ ಪಂಚಾಂಗದ ಲೆಕ್ಕದಲ್ಲಿ ಅದು ಶಕ 1869ರ ಶ್ರಾವಣ 24. 1957ರ ಮಾರ್ಚ್ 22ರಂದು ಜಾರಿಗೆ ಬಂದ ಈ ಪಂಚಾಂಗದ ತಿಂಗಳುಗಳಿಗೆ ಗೊತ್ತಾದ ದಿನಗಳಿರುವುದರಿಂದ ಪರಿವರ್ತನೆಗೆ ಸರಳ ಗಣಿತ ಸಾಕು.

ಚಾಂದ್ರಮಾನ ಪಂಚಾಂಗಕ್ಕೆ ಖಗೋಳ ಗಣಿತವೇ ಬೇಕು. ಸೂರ್ಯನಿಂದ ಚಂದ್ರ 12 ಅಂಶ ಮುಂದೆ ಸರಿದಾಗಲೆಲ್ಲ ಒಂದು ತಿಥಿ ಮುಗಿಯುತ್ತದೆ. ಆಯಾ ಊರಿನ ಸೂರ್ಯೋದಯದಲ್ಲಿರುವ ತಿಥಿಯೇ ದಿನದ ತಿಥಿ. ಆದ್ದರಿಂದ ಒಂದೇ ತಾರೀಖಿಗೆ ಬೆಂಗಳೂರಿನಲ್ಲಿ ಒಂದು ತಿಥಿ, ನ್ಯೂಯಾರ್ಕಿನಲ್ಲಿ ಇನ್ನೊಂದು ಬರಬಹುದು. ಅಧಿಕಮಾಸ, ಕ್ಷಯತಿಥಿಗಳನ್ನೂ ತಂತ್ರಾಂಶ ಗುರುತಿಸಬೇಕು.

ಜೂಲಿಯನ್ ಪದ್ಧತಿಯನ್ನು ಬಿಟ್ಟು ಈಗಿನ ಪದ್ಧತಿಗೆ ಬಂದ ದಿನ ಎಲ್ಲೆಡೆ ಒಂದೇ ಅಲ್ಲದ್ದರಿಂದ ಹಳೆಯ ದಾಖಲೆಗಳಿಗೆ ದೇಶವೂ ಮುಖ್ಯ: ಇಟಲಿಯಲ್ಲಿ 1582ರ ಅಕ್ಟೋಬರ್ 4ರ ಮರುದಿನ 15, ಬ್ರಿಟನ್ನಿನಲ್ಲಿ 1752ರ ಸೆಪ್ಟೆಂಬರ್ 2ರ ಮರುದಿನ 14.