ಪಹಣಿಯ ಪದ, ಕುರಿಯ ಸಾಕ್ಷಿ

ಮ್ಯುಟೇಷನ್ ಎಂದರೆ ಕನ್ನಡನಾಡಿನಲ್ಲಿ ಬಹುಜನಕ್ಕೆ ಮೊದಲು ನೆನಪಾಗುವುದು ಜೀವಕೋಶವಲ್ಲ, ಪಹಣಿ. ಜಮೀನು ಮಾರಾಟವಾಗಲಿ, ಪಾಲಾಗಲಿ, ಪೌತಿಯಾಗಲಿ, ಎಂ.ಆರ್. ನಂಬರ್ ಬಿದ್ದ ಮೇಲೆಯೇ ಹೊಸ ಹೆಸರು ಕೂರುವುದು. 1964ರ ಭೂಕಂದಾಯ ಕಾಯ್ದೆಯ 129ನೇ ಕಲಮು ಹೇಳುವ ಮ್ಯುಟೇಷನ್ ಇದೇ. ಬೆಂಗಳೂರಿನ ಕುರುಬರಹಳ್ಳಿಯಲ್ಲಿ ಹೊಲ ಸೈಟಾಯಿತು, ಸೈಟು ಮಹಡಿಯಾಯಿತು, ಊರಿನ ಹೆಸರು ಮಾತ್ರ ಕುರುಬರದೇ ಉಳಿಯಿತು. ಕಚೇರಿಯ ಈ ಪದ ಬಹಳ ಸಭ್ಯ. ಆದದ್ದು ಒಳ್ಳೆಯದೋ ಕೆಟ್ಟದ್ದೋ ಎನ್ನುವ ಗೋಜಿಗೆ ಹೋಗದೆ, ಬದಲಾಗಿದೆ ಎಂದಷ್ಟೇ ಬರೆದುಕೊಳ್ಳುತ್ತದೆ. ಜೀವವಿಜ್ಞಾನಕ್ಕೆ ಬಂದಾಗ ನಾವು ಅದಕ್ಕೆ ಈ ಸಭ್ಯತೆ ಉಳಿಸಲಿಲ್ಲ. ಪಠ್ಯಪುಸ್ತಕದ ‘ಉತ್ಪರಿವರ್ತನೆ’ ಪರೀಕ್ಷೆ ಮುಗಿದೊಡನೆ ಮರೆತುಹೋಗುತ್ತದೆ. ಕೊರೊನಾ ಕಾಲದಲ್ಲಿ ಪತ್ರಿಕೆಗಳು ಹಬ್ಬಿಸಿದ ‘ರೂಪಾಂತರಿ’ ಮಾರೀಚನ ನೆಂಟನಂತೆ ಹೆದರಿಸುತ್ತದೆ.

ಜೀನಿನ ಬದಲಾವಣೆಯೂ ತಾನಾಗಿ ಒಳ್ಳೆಯದಲ್ಲ, ಕೆಟ್ಟದ್ದೂ ಅಲ್ಲ; ಕುರುಬರ ಊರಿನ ಹೆಸರೆತ್ತಿದ ಮೇಲೆ ಅದಕ್ಕೆ ಕುರಿಯನ್ನೇ ಸಾಕ್ಷಿಗೆ ಕರೆಯೋಣ. ದಖ್ಖನಿ ಕುರಿ ಸಾಮಾನ್ಯವಾಗಿ ಸೂಲಿಗೆ ಒಂದೇ ಮರಿ ಹಾಕುತ್ತದೆ. ಸುಂದರಬನದ ಗರೋಲ್ ಕುರಿ ಎರಡು, ಕೆಲವೊಮ್ಮೆ ಮೂರು. ವ್ಯತ್ಯಾಸದ ಮೂಲ ಒಂದು ಜೀನಿನ ಒಂದೇ ಒಂದು ಡಿಎನ್‌ಎ ಅಕ್ಷರ: ದಖ್ಖನಿಯಲ್ಲಿ ‘ಎ’ ಇರುವಲ್ಲಿ ಗರೋಲ್‌ನಲ್ಲಿ ‘ಜಿ’. ಅಷ್ಟಕ್ಕೇ ಪ್ರೋಟೀನಿನ 249ನೇ ಕೊಂಡಿ ಬದಲಾಗಿ, ಒಂದೇ ಸಲಕ್ಕೆ ಹೆಚ್ಚು ಅಂಡಗಳು ಬಲಿಯುತ್ತವೆ. ಮಹಾರಾಷ್ಟ್ರದ ಫಲ್ಟಣದಲ್ಲಿರುವ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ ಈ ಗುಣವನ್ನು ದಖ್ಖನಿ ಕುರಿಗೆ ಸಂಕರದಿಂದ ತಂದು ‘ನಾರಿ ಸುವರ್ಣ’ವನ್ನು ರೂಪಿಸಿತು, ನಮ್ಮ ಕುರಿ ಸಾಕಣೆದಾರರಿಗೂ ಅದು ಹೊಸದಲ್ಲ. ಅವಳಿ ಮರಿ ಎಂದರೆ ಲಾಭವೇ? ತಾಯಿಗೆ ಮೇವಿದ್ದು ಹಾಲು ಸಾಲುವ ಹಟ್ಟಿಯಲ್ಲಿ ಹೌದು. ಬೇಸಗೆಯಲ್ಲಿ ಮೇವು ಹುಡುಕಿ ಮೈಲಿಗಟ್ಟಲೆ ನಡೆಯುವ ಮಂದೆಯಲ್ಲಿ ಎರಡನೆಯ ಮರಿ ಬದುಕುವುದೇ ಕಷ್ಟ. ಅಕ್ಷರ ಅದೇ, ಹಟ್ಟಿ ಬೇರೆ.

ಕಚೇರಿಯ ಬದಲಾವಣೆ ಅರ್ಜಿ ಕೊಟ್ಟು ಮಾಡಿಸಿಕೊಂಡದ್ದು, ಜೀನಿನದು ನಕಲಿಳಿಸುವಾಗಿನ ಕೈತಪ್ಪು ಎಂದು ಯಾರಾದರೂ ತಕರಾರು ತೆಗೆದರೆ ಅದು ಸರಿಯೇ. ಆದರೆ ಕೈತಪ್ಪು ಎಂಬುದು ಹುಟ್ಟಿನ ಮಾತು, ಪರಿಣಾಮದ್ದಲ್ಲ. ತಂದೆತಾಯಿಯಲ್ಲಿಲ್ಲದ ಸರಾಸರಿ 60-70 ಬದಲಾವಣೆ ಹೊತ್ತೇ ಪ್ರತಿ ಮಗುವೂ ಹುಟ್ಟುತ್ತದೆ. ಬಹುಪಾಲು ಏನೂ ಮಾಡದೆ ಸುಮ್ಮನಿರುತ್ತವೆ. ಇನ್ನೊಂದು ತಕರಾರಿಗೆ ತೂಕ ಹೆಚ್ಚು. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಗುರುತಿಸಿದ, ಸೊಂಟ-ಮಂಡಿಯ ಕೀಲುಗಳನ್ನು ಕೆಡಿಸಿ ನಡಿಗೆಯನ್ನೇ ಕಸಿಯುವ ವಂಶಪಾರಂಪರ್ಯದ ಕಾಯಿಲೆಗೆ ಯಾವ ಹಟ್ಟಿ ಒಳ್ಳೆಯದು? ಯಾವುದೂ ಅಲ್ಲ; ಅಲ್ಲಿ ಕೇಡು ಕೇಡೇ. ಆದರೆ ಆ ಕೇಡನ್ನು ಹೇಳಲು ‘ಕಾಯಿಲೆ’ ಎಂಬ ನೇರ ಪದ ಇದ್ದೇ ಇದೆ. ಅದರ ಹೊರೆಯನ್ನು ಮ್ಯುಟೇಷನ್ನಿನ ತಲೆಗೂ ಕಟ್ಟಿದರೆ, ಗರೋಲ್ ಕುರಿಯನ್ನೂ ರೋಗಿಗಳ ಸಾಲಿನಲ್ಲಿ ನಿಲ್ಲಿಸಬೇಕಾದೀತು. ರೂಪಾಂತರಿಯನ್ನು ವೈರಸ್ಸಿಗೇ ಬಿಟ್ಟು, ಜೀನಿಗೆ ‘ಬದಲಾವಣೆ’ ಎಂದೇ ಬರೆಯಿರಿ. ಪಹಣಿ ಓದಬಲ್ಲವರಿಗೆಲ್ಲ ಅರ್ಥವಾಗುತ್ತದೆ.