ಕಂಬಳದ ಓಟಗಾರರು: ಒಂದೇ ಕರೆ, ಬೇರೆ ಬೇರೆ ಪಟ್ಟು

ಜಾನುವಾರು ಸಂತೆಗೆ ಹೆಸರಾದ ಅಮೀನಗಡದಲ್ಲಾಗಲಿ, ನೆರೆಯ ಹುನಗುಂದ, ಇಳಕಲ್ ಭಾಗದಲ್ಲಾಗಲಿ ಜೋಡಿ ಜಾನುವಾರುಗಳ ಓಟವೆಂದರೆ ಜನರ ಕಣ್ಣ ಮುಂದೆ ನಿಲ್ಲುವುದು ಒಣನೆಲದ ಮೇಲೆ ಧೂಳೆಬ್ಬಿಸಿ ಓಡುವ ಚಕ್ಕಡಿ. ಎತ್ತುಗಳು ಓಡುತ್ತವೆ, ಗಾಲಿ ಉರುಳುತ್ತದೆ, ಓಡಿಸುವಾತ ಬಂಡಿಯ ಮೇಲಿರುತ್ತಾನೆ. ಕರಾವಳಿಯ ಕಂಬಳದಲ್ಲಿ ಗಾಲಿಯೇ ಇಲ್ಲ. ಎರಡು ಕೋಣಗಳ ಹಿಂದೆ ಕೆಸರುನೀರಿನಲ್ಲಿ ಮನುಷ್ಯನೇ ಓಡಬೇಕು, ಇಲ್ಲವೇ ನೀರಿನ ಮೇಲೆ ಜಾರುವ ಹಲಗೆಯೊಂದರ ಮೇಲೆ ನಿಲ್ಲಬೇಕು. ಎರಡೂ ಕ್ರೀಡೆಗಳು ಇಂದು ಒಂದೇ ಕಾನೂನಿನ ಆಸರೆಯಲ್ಲಿ ನಡೆಯುತ್ತಿವೆಯಾದರೂ ಓಡಿಸುವವನ ಮೈಗೆ ಅವು ಕೇಳುವ ಕೌಶಲ ತೀರಾ ಭಿನ್ನ.

2020ರ ಫೆಬ್ರವರಿಯಿಂದ ಈಚೆಗೆ ಈ ಕೌಶಲದ ಬಗ್ಗೆ ನಡೆದ ಚರ್ಚೆಯೆಲ್ಲ ಬಹುಮಟ್ಟಿಗೆ ಸೆಕೆಂಡುಗಳ ಲೆಕ್ಕದಲ್ಲಿಯೇ ನಿಂತಿದೆ. ಆ ವರ್ಷದ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡ ಅವರು 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದರು. ಇದನ್ನು 100 ಮೀಟರ್‌ಗೆ ಇಳಿಸಿ ನೋಡಿದವರು 9.55 ಸೆಕೆಂಡು ಎಂಬ ಅಂಕಿಗೆ ಬಂದರು. ಜಮೈಕಾದ ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಸ್ಥಾಪಿಸಿದ ವಿಶ್ವದಾಖಲೆ 9.58 ಸೆಕೆಂಡು. ಸುದ್ದಿ ದೇಶ ದಾಟಿ ಹೋಯಿತು. ಎರಡು ವಾರ ಕಳೆಯುವಷ್ಟರಲ್ಲಿ ವೇಣೂರಿನಲ್ಲಿ ಬಜಗೋಳಿ ಜೋಗಿಬೆಟ್ಟಿನ ನಿಶಾಂತ್ ಶೆಟ್ಟಿ ಅವರು 143 ಮೀಟರನ್ನು 13.61 ಸೆಕೆಂಡುಗಳಲ್ಲಿ ಓಡಿದರು. 100 ಮೀಟರ್‌ಗೆ ಇಳಿಸಿದರೆ ಅದು 9.52 ಸೆಕೆಂಡು.

ಅಂದಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಅವರು ಶ್ರೀನಿವಾಸ ಗೌಡರನ್ನು ಭಾರತೀಯ ಕ್ರೀಡಾ ಪ್ರಾಧಿಕಾರದ ಪರೀಕ್ಷೆಗೆ ಆಹ್ವಾನಿಸಿದರು. ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರು 3 ಲಕ್ಷ ರೂಪಾಯಿ ನೀಡಿ ಗೌರವಿಸಿದರು. ಗೌರವವನ್ನು ಸ್ವೀಕರಿಸಿದ ಗೌಡರು ಪರೀಕ್ಷೆಯನ್ನು ಮಾತ್ರ ಒಪ್ಪಲಿಲ್ಲ. ಟ್ರ್ಯಾಕ್‌ನ ಓಟಗಾರರು ಕಾಲಿನ ತುದಿಯ ಮೇಲೆ ಓಡುತ್ತಾರೆ, ಕಂಬಳದಲ್ಲಿ ಹಿಮ್ಮಡಿಗೆ ಕೆಲಸ. ಮೇಲಾಗಿ ಇಲ್ಲಿ ಕೋಣಗಳ ಪಾಲೂ ಇದೆ ಎಂಬುದು ಅವರು ಸುದ್ದಿಗಾರರಿಗೆ ನೀಡಿದ ವಿವರಣೆಯ ತಿರುಳು. ಆ ದಿನಗಳಲ್ಲಿ ಈ ವಿಷಯವಾಗಿ ಬಂದ ಮಾತುಗಳಲ್ಲೆಲ್ಲ ಅತ್ಯಂತ ತೂಕದ್ದು ಓಡಿದವರೇ ಆಡಿದ ಈ ಮಾತು.

ಹಿಮ್ಮಡಿಯ ಓಟ

ಕಂಬಳದ ಓಟದ ಹಾದಿಗೆ 'ಕರೆ' ಎಂದು ಹೆಸರು. ಅಕ್ಕಪಕ್ಕದಲ್ಲಿ ಎರಡು ಹಾದಿಗಳಿದ್ದರೆ ಅದು ಜೋಡುಕರೆ. ಓಟ ಆರಂಭವಾಗುವ ತುದಿ ಗಂತು, ಮುಗಿಯುವ ತುದಿ ಮಂಜೊಟ್ಟಿ. ಊರಿಂದೂರಿಗೆ ಉದ್ದ ಬದಲಾಗುತ್ತದೆ. 2023ರ ನವೆಂಬರ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೊದಲ ಬಾರಿಗೆ ನಡೆದ ಕಂಬಳದ ಕರೆ 155 ಮೀಟರ್ ಇತ್ತು. ಕೆಸರಿನ ಆಳ, ಮರಳಿನ ಪ್ರಮಾಣ, ನೀರಿನ ಮಟ್ಟ ಇವೂ ಒಂದೇ ತೆರನಾಗಿರುವುದಿಲ್ಲ. ಹೀಗಿರುವಾಗ ಐಕಳದ 13.62ಕ್ಕೂ ವೇಣೂರಿನ 13.61ಕ್ಕೂ ನಡುವಣ ಅಂತರವನ್ನು ಇಬ್ಬರು ಓಟಗಾರರ ನಡುವಣ ಅಂತರವೆಂದು ಓದುವುದು ಸಾಧುವಲ್ಲ.

ಸ್ಪರ್ಧೆಯಲ್ಲಿ ಹೆಚ್ಚು ವೇಗ ಕಾಣುವ ವಿಭಾಗಗಳಲ್ಲಿ ಹಗ್ಗ ಮುಖ್ಯವಾದುದು. ನೊಗಕ್ಕೆ ಕಟ್ಟಿದ ಹಗ್ಗವನ್ನು ಒಂದು ಕೈಯಲ್ಲಿ ಹಿಡಿದು ಓಟಗಾರ ಕೋಣಗಳ ಬೆನ್ನಿಗೇ ಓಡುತ್ತಾನೆ. ಗಟ್ಟಿ ನೆಲದಲ್ಲಿ ಓಡುವವನು ಕಾಲ್ಬೆರಳುಗಳಿಂದ ನೆಲವನ್ನು ಹಿಂದಕ್ಕೆ ಒದ್ದು ತನ್ನನ್ನು ತಾನೇ ಮುಂದಕ್ಕೆ ತಳ್ಳಿಕೊಳ್ಳುತ್ತಾನೆ. ಕೆಸರಿನಲ್ಲಿ ಹಾಗೆ ಒದೆದರೆ ಬೆರಳುಗಳು ಹೂತುಹೋಗುತ್ತವೆ, ಬಲವೆಲ್ಲ ಮಣ್ಣುಪಾಲಾಗುತ್ತದೆ. ಇಲ್ಲಿ ಮುಂದಕ್ಕೆ ಎಳೆಯುವ ಕೆಲಸವನ್ನು ಹಗ್ಗ ಮಾಡುತ್ತಿರುತ್ತದೆ. ಓಟಗಾರನ ಕೆಲಸವೆಂದರೆ ಆ ಎಳೆತಕ್ಕೆ ಮುಗ್ಗರಿಸದಂತೆ ಮೈಯನ್ನು ಎತ್ತಿ ಹಿಡಿಯುವುದು. ಮೈ ತುಸು ಹಿಂದಕ್ಕೆ ವಾಲುತ್ತದೆ, ಪಾದ ಮುಂದೆ ಬಂದು ಹಿಮ್ಮಡಿಯ ಮೇಲೆ ಕೂರುತ್ತದೆ, ಕೆಸರು ಕಚ್ಚಿಕೊಳ್ಳುವ ಮೊದಲೇ ಮೇಲೇಳುತ್ತದೆ. ಎಳೆತವಿರುವುದರಿಂದ ಹೆಜ್ಜೆಯ ಉದ್ದ ಸಹಜಕ್ಕಿಂತ ಹಿಗ್ಗುತ್ತದೆ. ಅಥ್ಲೆಟಿಕ್ಸ್ ತರಬೇತುದಾರರು ಓಟಗಾರರ ಸೊಂಟಕ್ಕೆ ರಬ್ಬರ್ ಪಟ್ಟಿ ಕಟ್ಟಿ ಮುಂದಿನಿಂದ ಎಳೆಸುವುದುಂಟು. ಉದ್ದನೆಯ, ಚುರುಕಾದ ಹೆಜ್ಜೆಯನ್ನು ಕಾಲಿಗೆ ರೂಢಿ ಮಾಡಿಸುವ ಆ ಅಭ್ಯಾಸಕ್ಕೂ ಕಂಬಳದ ಓಟಕ್ಕೂ ಇಷ್ಟರಮಟ್ಟಿಗೆ ನಂಟಿದೆ.

ಬೋಲ್ಟ್ ಅವರೊಡನೆ ಹೋಲಿಕೆ ತಪ್ಪುವುದು ಇಲ್ಲಿಯೇ. ಶ್ರೀನಿವಾಸ ಗೌಡರ ಸರಾಸರಿ ವೇಗ ಗಂಟೆಗೆ ಸುಮಾರು 37.7 ಕಿ.ಮೀ., ಬೋಲ್ಟ್ ಅವರದು ಸುಮಾರು 37.6 ಕಿ.ಮೀ. ಅಂಕಿಗಳೇನೋ ಅಕ್ಕಪಕ್ಕ ಕೂರುತ್ತವೆ. ಆದರೆ ಬೋಲ್ಟ್ ನಿಂತ ಸ್ಥಿತಿಯಿಂದ ತಮ್ಮ ಕಾಲಿನ ಬಲದಿಂದಲೇ ಹೊರಟು, ಓಟದ ನಡುವೆ ಗಂಟೆಗೆ 44 ಕಿ.ಮೀ. ದಾಟಿದವರು. ಹಿಂದಿನಿಂದ ಬೀಸುವ ಗಾಳಿ ಸೆಕೆಂಡಿಗೆ 2 ಮೀಟರ್ ಮೀರಿದರೆ ದಾಖಲೆಯನ್ನೇ ಮಾನ್ಯ ಮಾಡದ ಕ್ರೀಡೆ ಅದು. ಎರಡು ಕೋಣಗಳ ಎಳೆತ ಯಾವ ಗಾಳಿಗಿಂತಲೂ ದೊಡ್ಡದು. ಇನ್ನೊಂದು ಮಗ್ಗುಲಿನಿಂದ ನೋಡಿದರೆ, ಬರಿಗಾಲಲ್ಲಿ, ನೀರು ಎರಚುವ ಕೆಸರಿನಲ್ಲಿ, ಕಣ್ಣು ಬಿಡಲೂ ಕಷ್ಟವಾಗುವ ಸ್ಥಿತಿಯಲ್ಲಿ ಆ ವೇಗದೊಡನೆ ಬೀಳದೆ ಸಾಗುವುದು ಟ್ರ್ಯಾಕ್‌ನ ಓಟಗಾರನಿಗೆ ಗೊತ್ತಿರುವ ವಿದ್ಯೆಯಲ್ಲ. ಕಂಬಳದ ಈ ಕಾಲಗಳು ಯಾವ ಅಥ್ಲೆಟಿಕ್ಸ್ ಸಂಸ್ಥೆಯೂ ಮಾನ್ಯ ಮಾಡಿದ ದಾಖಲೆಗಳಲ್ಲ ಎಂಬುದನ್ನೂ ಗಮನದಲ್ಲಿಡಬೇಕು.

ಹಗ್ಗದ ವಿಭಾಗದಲ್ಲಿ ಕೈಯೂ ಕಾಲಿನಷ್ಟೇ ಮುಖ್ಯ. ಹಗ್ಗವನ್ನು ಬಿಗಿಹಿಡಿದು ಜೋತುಬಿದ್ದರೆ ಓಟಗಾರನೇ ಕೋಣಗಳಿಗೆ ಹೊರೆಯಾಗುತ್ತಾನೆ. ತೀರಾ ಸಡಿಲ ಬಿಟ್ಟರೆ ಜೋಡಿಯ ಮೇಲಿನ ಹಿಡಿತ ತಪ್ಪುತ್ತದೆ, ಕೋಣಗಳು ಅಡ್ಡಕ್ಕೆ ಸರಿಯುತ್ತವೆ. ನುರಿತ ಓಟಗಾರನ ಭಾರ ಕೋಣಗಳಿಗೆ ತಿಳಿಯಬಾರದು, ಅವನ ಇರವು ಮಾತ್ರ ತಿಳಿಯಬೇಕು.

ನೇಗಿಲಿನ ವಿಭಾಗದಲ್ಲಿ ಹಗ್ಗದ ಬದಲು ನೇಗಿಲಿನ ಆಕಾರದ ಹಗುರ ಸಾಧನವೊಂದಿರುತ್ತದೆ. ಕೈಗೆ ಗಟ್ಟಿ ಹಿಡಿ ಸಿಗುವುದರಿಂದ ಹೊಸ ಕೋಣಗಳನ್ನೂ ಹೊಸ ಓಟಗಾರರನ್ನೂ ಕರೆಗೆ ಇಳಿಸಲು ಇದು ಅನುಕೂಲ. ಕಾಲಿನ ಪಟ್ಟು ಬಹುತೇಕ ಹಗ್ಗದ್ದೇ. ಹಗ್ಗ, ನೇಗಿಲು ಎರಡರಲ್ಲಿಯೂ ಹಿರಿಯ, ಕಿರಿಯ ಎಂಬ ಒಳವಿಭಾಗಗಳಿವೆ.

ಹಲಗೆಯ ಮೇಲೆ ನಿಲ್ಲುವವರು

ಉಳಿದೆರಡು ವಿಭಾಗಗಳಾದ ಅಡ್ಡ ಹಲಗೆ ಮತ್ತು ಕನೆ ಹಲಗೆಯಲ್ಲಿ ಪಟ್ಟು ಸಂಪೂರ್ಣ ತಿರುವುಮುರುವಾಗುತ್ತದೆ. ಇಲ್ಲಿ ಓಡುವುದಿಲ್ಲ, ನಿಲ್ಲುವುದು. ಅಡ್ಡ ಹಲಗೆಯಲ್ಲಿ ಕೋಣಗಳು ಎಳೆಯುವ ಅಡ್ಡ ಮರದ ಹಲಗೆಯ ಮೇಲೆ ನಿಂತು ಓಟಗಾರ ಮಂಜೊಟ್ಟಿ ತಲುಪಬೇಕು. ಮಂಡಿ ಮಡಿದಿರಬೇಕು, ಸೊಂಟ ತಗ್ಗಿರಬೇಕು. ಕರೆಯ ಏರುತಗ್ಗುಗಳೆಲ್ಲ ಮಂಡಿಯಲ್ಲಿಯೇ ಅಡಗಿ, ಮೇಲಿನ ಮೈಗೆ ಅಲುಗಾಟ ತಲುಪದಂತೆ ನೋಡಿಕೊಳ್ಳಬೇಕು.

ಅಮೆರಿಕದ ಮಿನೆಸೋಟ ರಾಜ್ಯದ ಪೆಪಿನ್ ಸರೋವರದಲ್ಲಿ 1922ರಲ್ಲಿ ರಾಲ್ಫ್ ಸ್ಯಾಮ್ಯುಯೆಲ್ಸನ್ ಎಂಬ ಯುವಕ ಎರಡು ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು ದೋಣಿಯ ಹಿಂದೆ ಜಾರಿದಾಗ ವಾಟರ್ ಸ್ಕೀಯಿಂಗ್ ಹುಟ್ಟಿತು ಎನ್ನಲಾಗುತ್ತದೆ. ಕರಾವಳಿಯ ಗದ್ದೆಗೂ ಆ ಸರೋವರಕ್ಕೂ ಯಾವ ಸಂಬಂಧವೂ ಇಲ್ಲ. ಆದರೂ ಎಳೆಯುವ ಶಕ್ತಿಯೊಂದು ಮುಂದೆ, ನೀರಿನ ಮೇಲೆ ಹಲಗೆ, ಹಲಗೆಯ ಮೇಲೆ ಮನುಷ್ಯ ಎಂಬ ಏರ್ಪಾಡು ಒಂದೇ. ಆ ಕ್ರೀಡೆಯ ಸ್ಲಾಲಮ್ ವಿಭಾಗದಲ್ಲಿ ಪುರುಷರಿಗೆ ದೋಣಿಯ ಗರಿಷ್ಠ ವೇಗ ಗಂಟೆಗೆ 58 ಕಿ.ಮೀ., ಮಹಿಳೆಯರಿಗೆ 55 ಕಿ.ಮೀ. ದೋಣಿಯ ದಾರಿಯ ನಡುಗೆರೆಯಿಂದ 11.5 ಮೀಟರ್ ದೂರದಲ್ಲಿ ತೇಲುವ ಆರು ಗುರುತುಗಳನ್ನು ಸ್ಪರ್ಧಿ ಸುತ್ತಿ ಬರಬೇಕು. ಯಶಸ್ವಿಯಾದಂತೆಲ್ಲ 18.25 ಮೀಟರ್ ಹಗ್ಗವನ್ನು ಹಂತಹಂತವಾಗಿ ಮೊಟಕುಗೊಳಿಸುತ್ತಾರೆ. 2013ರಲ್ಲಿ ಅಮೆರಿಕದ ನೇಟ್ ಸ್ಮಿತ್ ಕೇವಲ 9.75 ಮೀಟರ್ ಹಗ್ಗದಲ್ಲಿ ಎರಡೂವರೆ ಗುರುತುಗಳ ಅಂಕ ಪಡೆದು ವಿಶ್ವದಾಖಲೆ ಬರೆದರು. ಗುರುತು ಇರುವ ದೂರಕ್ಕಿಂತ ಹಗ್ಗವೇ ಗಿಡ್ಡ! ಉಳಿದ ಅಂತರವನ್ನು ಚಾಚಿದ ಮೈಯೇ ತುಂಬಬೇಕು.

ಅಲ್ಲಿ ಪರಿಣತರು ಒಬ್ಬೊಬ್ಬ ಸ್ಪರ್ಧಿಯ ನಿಲುವು, ವಾಲುವ ಕೋನ, ಕೈ ಚಾಚುವ ಕ್ಷಣವನ್ನು ಬಿಡಿಸಿ ಹೋಲಿಸುತ್ತಾರೆ. ಅದು ಸಾಧ್ಯವಾಗುವುದಕ್ಕೆ ಕಾರಣ ದೋಣಿ. ಎಂಜಿನ್ನಿನ ವೇಗವನ್ನು ಯಂತ್ರವೇ ನಿಯಂತ್ರಿಸುವುದರಿಂದ ಎಲ್ಲರಿಗೂ ಸಿಗುವ ಎಳೆತ ಒಂದೇ, ವ್ಯತ್ಯಾಸವೇನಿದ್ದರೂ ಸ್ಪರ್ಧಿಯದು. ಕಂಬಳದಲ್ಲಿ ಎಳೆಯುವವರೂ ಸ್ಪರ್ಧಿಗಳೇ. ಒಂದು ಜೋಡಿ ಆರಂಭದಲ್ಲಿ ನುಗ್ಗುತ್ತದೆ, ಇನ್ನೊಂದು ಕೊನೆಯಲ್ಲಿ ಕಾವೇರುತ್ತದೆ. ಒಬ್ಬನೇ ಓಟಗಾರ ಒಂದೇ ದಿನ ಬೇರೆ ಬೇರೆ ಯಜಮಾನರ ಜೋಡಿಗಳನ್ನು ಓಡಿಸುವುದೂ ಉಂಟು. ಯಾರು ಶ್ರೇಷ್ಠ ಓಟಗಾರ ಎಂಬ ಪ್ರಶ್ನೆಗೆ ಗಡಿಯಾರವೊಂದೇ ಉತ್ತರ ಕೊಡಲಾರದು ಎಂದು ಹೇಳುವುದು ಈ ಕಾರಣಕ್ಕೆ.

ಕನೆ ಹಲಗೆಯಲ್ಲಂತೂ ಗಡಿಯಾರಕ್ಕೆ ಕೆಲಸವೇ ಇಲ್ಲ. ತೂತುಗಳಿರುವ ವಿಶೇಷ ಹಲಗೆಯ ಮೇಲೆ ಓಟಗಾರ ಕಾಲಿಟ್ಟು ನಿಲ್ಲುತ್ತಾನೆ. ಕೋಣಗಳು ಎಳೆದಂತೆ ಹಲಗೆಯ ಅಡಿಯ ನೀರು ಆ ತೂತುಗಳಲ್ಲಿ ನುಗ್ಗಿ ಕಾರಂಜಿಯಂತೆ ಮೇಲಕ್ಕೆ ಚಿಮ್ಮುತ್ತದೆ. ಕರೆಯ ಮೇಲೆ ಅಡ್ಡಲಾಗಿ ಕಟ್ಟಿದ ಬಿಳಿ ಬಟ್ಟೆಯ 'ನಿಶಾನಿ'ಗೆ ಆ ನೀರು ತಾಗಬೇಕು. ನಿಶಾನಿಯ ಎತ್ತರವನ್ನು ಕೋಲಿನ ಅಳತೆಯಲ್ಲಿ ಹೇಳುವುದು ವಾಡಿಕೆ: ಆರೂವರೆ ಕೋಲು, ಏಳೂವರೆ ಕೋಲು. ಹಗ್ಗದ ಓಟಗಾರ ತನ್ನ ಭಾರವನ್ನು ಮರೆಮಾಚಿದರೆ, ಕನೆ ಹಲಗೆಯವನು ಅದನ್ನು ಬಳಸಬೇಕು. ಭಾರ ಕಡಿಮೆಯಾದರೆ ಹಲಗೆ ನೀರಿನ ಮೇಲೆಯೇ ಜಾರಿಹೋಗುತ್ತದೆ, ನೀರು ಏಳುವುದಿಲ್ಲ. ಹೆಚ್ಚಾದರೆ ಹಲಗೆ ಕೆಸರಿಗೆ ಕಚ್ಚಿ ಕೋಣಗಳ ವೇಗ ಕುಗ್ಗುತ್ತದೆ. ವೇಗ ಕುಗ್ಗಿದರೆ ಆಗಲೂ ನೀರು ಏಳುವುದಿಲ್ಲ. ನಿಶಾನಿಯ ಬಳಿ ಬಂದಾಗಲೇ ಸರಿಯಾದ ಒತ್ತಡ ಬೀಳಬೇಕು. ಕಂಬಳದ ಪಟ್ಟುಗಳಲ್ಲೆಲ್ಲ ಅತ್ಯಂತ ಸೂಕ್ಷ್ಮವಾದುದು ಇದು ಎನ್ನಬಹುದು. ಆದರೂ ರಾಷ್ಟ್ರೀಯ ವಾಹಿನಿಗಳ ಕ್ಯಾಮೆರಾ ಇತ್ತ ತಿರುಗಿದ್ದು ಕಡಿಮೆ. ಸೆಕೆಂಡುಗಳಿಲ್ಲದ ಕಡೆ ಶೀರ್ಷಿಕೆ ಸಿಗುವುದಿಲ್ಲವೇನೋ.

ಬೆತ್ತ ಮತ್ತು ನ್ಯಾಯಾಲಯ

ಓಟಗಾರನ ಇನ್ನೊಂದು ಕೈಯಲ್ಲಿರುವ ಬೆತ್ತದ ಪ್ರಶ್ನೆ ಕ್ರೀಡೆಯ ಅಳಿವು ಉಳಿವಿನ ಪ್ರಶ್ನೆಯೇ ಆಗಿತ್ತು. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮತ್ತು ಎತ್ತಿನ ಬಂಡಿ ಓಟದ ವಿರುದ್ಧ ನೀಡಿದ ತೀರ್ಪಿನ ನೆರಳು ಕಂಬಳದ ಮೇಲೂ ಬಿದ್ದಿತು. 2016ರ ಕೊನೆಗೆ ಹೈಕೋರ್ಟಿನ ಮಧ್ಯಂತರ ಆದೇಶದಿಂದ ಕರೆಗಳು ಖಾಲಿಯಾದವು. ಮರುವರ್ಷ ಕರಾವಳಿಯಲ್ಲಿ ಪ್ರತಿಭಟನೆಗಳು ನಡೆದವು. ಬಳಿಕ ರಾಜ್ಯ ಸರ್ಕಾರ ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದು ಕಂಬಳದ ಜೊತೆಗೆ ಎತ್ತುಗಳ ಓಟ, ಚಕ್ಕಡಿ ಓಟಗಳಿಗೂ ಅವಕಾಶ ಕಲ್ಪಿಸಿತು. ಬಾಗಲಕೋಟೆ ಸೀಮೆಯ ಓಟಗಳಿಗೂ ಇದೇ ಆಧಾರ. ಪ್ರಾಣಿಗಳಿಗೆ ಅನಗತ್ಯ ನೋವುಂಟಾಗಬಾರದು ಎಂಬುದು ಅದರ ಷರತ್ತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಈ ತಿದ್ದುಪಡಿಯನ್ನು ಎತ್ತಿಹಿಡಿಯಿತು.

ಷರತ್ತು ಕಾಗದದ ಮೇಲಿದ್ದರೂ ಅದರ ಪಾಲನೆ ನಡೆಯಬೇಕಾದದ್ದು ಓಟಗಾರನ ಕೈಯಲ್ಲಿ. ಬೆತ್ತ ಬೀಸಿ ವೇಗ ಪಡೆಯುವುದು ಸುಲಭದ ದಾರಿ. ಕೂಗು, ಹಗ್ಗದ ಸೆಳೆತ, ತಿಂಗಳುಗಟ್ಟಲೆಯ ಒಡನಾಟ ಇವುಗಳಿಂದ ಪಡೆಯುವುದು ಕಷ್ಟದ ದಾರಿ. ಬೆತ್ತವೇ ಇಲ್ಲದೆ ಕೋಣಗಳು ಈ ಪರಿ ಓಡುತ್ತವೆಯೇ ಎಂಬ ಪ್ರಾಣಿಪರ ಸಂಘಟನೆಗಳ ಪ್ರಶ್ನೆಯನ್ನು ಕಂಬಳದ ಅಭಿಮಾನಿಗಳು ತಳ್ಳಿಹಾಕುವಂತಿಲ್ಲ. ತೀರ್ಪು ಬಂದಿದೆ ಎಂದ ಮಾತ್ರಕ್ಕೆ ಆ ಪ್ರಶ್ನೆ ಮುಗಿದಿಲ್ಲ.

ಕಲಿಕೆಯ ಕ್ರಮವೂ ಬದಲಾಗಿದೆ. ಹಿಂದೆ ಕೋಣ ಸಾಕುವ ಮನೆಗಳಲ್ಲಿ ಹಿರಿಯರನ್ನು ನೋಡಿ ಕಿರಿಯರು ಕಲಿಯುತ್ತಿದ್ದರು. ಪ್ರೊ. ಕೆ. ಗುಣಪಾಲ ಕಡಂಬ ಅವರ ಮುಂದಾಳತ್ವದಲ್ಲಿ 2011ರಲ್ಲಿ ಆರಂಭವಾದ ಕಂಬಳ ಅಕಾಡೆಮಿ ಯುವಕರನ್ನು ಆರಿಸಿ, ವ್ಯಾಯಾಮದಿಂದ ಹಿಡಿದು ಕೋಣಗಳ ಆರೈಕೆಯವರೆಗೆ ಪಾಠ ಹೇಳಿತು. ಶ್ರೀನಿವಾಸ ಗೌಡರೂ ಅಲ್ಲಿ ತರಬೇತಿ ಪಡೆದವರು.

ಕಂಬಳದ ಋತು ನವೆಂಬರ್‌ನಿಂದ ಮಾರ್ಚ್‌ವರೆಗೆ. ಉಳಿದ ತಿಂಗಳುಗಳಲ್ಲಿ ಓಟಗಾರರು ತಮ್ಮ ತಮ್ಮ ಕಸುಬಿಗೆ ಮರಳುತ್ತಾರೆ. ಐಕಳದ ಓಟ ಸುದ್ದಿಯಾದಾಗ ಶ್ರೀನಿವಾಸ ಗೌಡರು ಕಟ್ಟಡ ಕೆಲಸ ಮಾಡಿಕೊಂಡಿದ್ದರು. ಕಂಬಳ ಮುಗಿದ ಮರುದಿನ ಪತ್ರಿಕೆಗಳಲ್ಲಿ ಫಲಿತಾಂಶ ಪ್ರಕಟವಾಗುವ ಕ್ರಮವನ್ನು ಗಮನಿಸಿದರೆ ಅಲ್ಲಿನ ಲೆಕ್ಕಾಚಾರ ತಿಳಿಯುತ್ತದೆ. ಪ್ರತಿ ವಿಭಾಗದ ಕೆಳಗೆ ಮೊದಲು ಕೋಣಗಳ ಯಜಮಾನರ ಹೆಸರು ಮತ್ತು ಮನೆತನ. ಅದರ ಕೆಳಗಿನ ಸಾಲು: ಓಡಿಸಿದವರು.